ಬೇಡಗದ ಹಾದಿಯ ಮೂರು ಕರೆ

"ಎಷ್ಟು ವ್ಯಾಟ್?" ಗಾಡಿಗೆ ವೈರ್‌ಲೆಸ್ ಹಾಕಿಸಲು ಬಂದವರೆಲ್ಲ ಮೊದಲು ಕೇಳುತ್ತಿದ್ದುದು ಇದೊಂದೇ. ಎಮ್ಮೆ ಕೊಳ್ಳಲು ಬಂದವರು ಎಷ್ಟು ಸೇರು ಹಾಲು ಅಂತ ಕೇಳುವ ಹಾಗೆ. ನನಗೆ ಮೈ ಉರಿಯುತ್ತಿತ್ತು. ವ್ಯಾಟ್ ಅಂದರೆ ಸೆಟ್ಟು ತಂತಿಯೊಳಗೆ ನೂಕುವ ಬಲ, ಅಷ್ಟೇ. ಆ ಬಲ ಗಾಳಿಗೆ ಎಷ್ಟು ಇಳಿಯಿತು, ಯಾವ ದಿಕ್ಕಿಗೆ ಹೋಯಿತು ಎನ್ನುವುದೆಲ್ಲ ಗಾಡಿಯ ಮೇಲೆ ಆಂಟೆನಾ ಎಲ್ಲಿ ನಿಂತಿದೆ ಎನ್ನುವುದಕ್ಕೆ ಸೇರಿದ್ದು. ಸಾಂಗ್ಲಿಯ ನನ್ನ ಅಂಗಡಿಯ ಕಟ್ಟೆಯ ಮೇಲೆ ನಿಂತು ಇದನ್ನು ಕನ್ನಡದಲ್ಲೂ ಮರಾಠಿಯಲ್ಲೂ ಗಂಟಲು ಹರಿಯುವಷ್ಟು ಸಲ ಹೇಳಿದ್ದೇನೆ. ಹಾಗೆ ಹೇಳಿದ ಬಾಯಲ್ಲೇ ಒಂದು ದಿನ ನಾಲ್ಕು ಜನರ ಮುಂದೆ ಬರೀ ವ್ಯಾಟಿನ ಮಾತಾಡಿ ಕೈ ತೊಳೆದುಕೊಂಡೆ.

ಹೊರದೇಶದ ಸಾಮಾನು ಪೇಟೆಗೆ ಸಲೀಸಾಗಿ ಬರತೊಡಗಿದ ಹೊಸತು ಅದು. ಸಾಂಗ್ಲಿ ಮಿರಜಗಳ ನಡುವಿನ ಹೊಲಗಳಲ್ಲಿ ಪ್ಲಾಟಿನ ಕಲ್ಲುಗಳು ಎದ್ದು, ಎರಡೂ ಊರು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ಟೆಲಿಫೋನಿಗೆ ಅರ್ಜಿ ಹಾಕಿದವರು ವರ್ಷಗಟ್ಟಲೆ ಕಾಯಬೇಕಿತ್ತು. ಹಾಗಾಗಿ ಕಾರ್ಖಾನೆಯವರಿಂದ ಹಿಡಿದು ಮನೆ ಕಟ್ಟಿಸುವ ಕಂತ್ರಾಟುದಾರರವರೆಗೆ ಎಲ್ಲರಿಗೂ ತಮ್ಮ ಜೀಪಿನಲ್ಲೊಂದು ವೈರ್‌ಲೆಸ್ ಬೇಕಾಗಿತ್ತು. ನಾನು ಹಳೆಯ ಗೂಡಂಗಡಿ ಬಿಟ್ಟು ಪೇಟೆಯಲ್ಲಿ ದೊಡ್ಡ ಬೋರ್ಡು ಹಾಕಿಸಿದ್ದೆ. ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ನನ್ನನ್ನು ಅಷ್ಟು ಎತ್ತರಕ್ಕೆ ತಂದವರಲ್ಲಿ ಅರಿಶಿನದ ವ್ಯಾಪಾರಿಯೊಬ್ಬರು ದೊಡ್ಡವರು. ನಮ್ಮವರೇ, ಮನೆಯಲ್ಲಿ ಕನ್ನಡ ಮಾತಾಡುವವರು. ಎಲ್ಲರೂ ಅವರನ್ನು ಸಾವಕಾರರು ಎನ್ನುತ್ತಿದ್ದರು. ಮಿರಜದ ಒಂದು ಸಣ್ಣ ಧರ್ಮಾರ್ಥ ಆಸ್ಪತ್ರೆಗೆ ತೀರಿಹೋದ ತಾಯಿಯ ಹೆಸರಿನಲ್ಲಿ ಹೊಸ ಆಂಬ್ಯುಲೆನ್ಸ್ ಕೊಟ್ಟು, ಅದಕ್ಕೆ ವೈರ್‌ಲೆಸ್ ಹಾಕುವ ಕೆಲಸವನ್ನು ನನಗೇ ಕೊಡಿಸಿದರು. ನಾನು ಡ್ರಿಲ್ಲು ಹಿಡಿದು ಗಾಡಿ ಹತ್ತುವುದನ್ನು ನೋಡಿ ಓಡಿ ಬಂದರು.

"ಏನ್ ಮಾಡಾಕತ್ತೀರಿ?"

"ಛಪ್ಪರದ ನಟ್ಟನಡುವ ಒಂದ ತೂತ ಹಾಕಬೇಕ್ರಿ. ಆಂಟೆನಾ ಅಲ್ಲೇ ನಿಂದ್ರಬೇಕು."

"ಅಯ್ಯ ಶಿವನ! ಅವ್ವನ ಹೆಸರಿನ ಗಾಡಿ ಅದು. ನಿನ್ನೆ ಪೂಜಿ ಆಗೇತಿ, ಇವತ್ತ ತಲಿಗೆ ತೂತ ಹಾಕತೀರಿ? ಬ್ಯಾಡ್ರಿಪಾ. ಹಿಂದ ಬಂಪರಿಗೆ ಹಚ್ಚರಿ."

ಛಪ್ಪರದ, ಅಂದರೆ ಗಾಡಿಯ ಮೇಲ್ಛಾವಣಿಯ, ನಡುವೆ ಆಂಟೆನಾ ನಿಂತರೆ ಸುತ್ತಲಿನ ತಗಡು ಅದಕ್ಕೆ ಆಧಾರ, ಮಾತು ನಾಲ್ಕೂ ದಿಕ್ಕಿಗೆ ಒಂದೇ ಸಮ ಹೋಗುತ್ತದೆ. ಹಿಂದಿನ ಬಂಪರಿಗೆ ಹಾಕಿದರೆ ಗಾಡಿಯ ಮೈಯೇ ಅದರ ಮುಂದೆ ಗೋಡೆ. ಹಿಂದಕ್ಕೆ ಮಾತು ದೂರ ಹೋಗುತ್ತದೆ, ಮುಂದಕ್ಕೆ ಹೋಗುವುದಿಲ್ಲ. ಅಂದರೆ ಆಸ್ಪತ್ರೆಗೆ ಬೆನ್ನು ಹಾಕಿ ಹೊರಟ ಗಾಡಿ ಮಾತಾಡುತ್ತದೆ. ರೋಗಿಯನ್ನು ಹೊತ್ತು ಆಸ್ಪತ್ರೆಯ ಕಡೆಗೆ ಬರುವ ಗಾಡಿಗೆ ಬಾಯಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಮೆಲ್ಲಗೆ ಒಂದು ಮಾತು ಹೇಳಿಯೂ ನೋಡಿದೆ. ಸಾವಕಾರರ ಹುಬ್ಬು ಗಂಟಾಯಿತು. ಅವರ ಒಂದು ಮಾತಿನಿಂದ ನನಗೆ ಇನ್ನೂ ಎಷ್ಟೋ ಗಾಡಿಗಳ ಕೆಲಸ ಬರುವುದಿತ್ತು. ಬಂಪರಿಗೇ ಹಾಕಿದೆ.

ಆ ಗಾಡಿಯ ಡ್ರೈವರು ಕವಲಾಪುರದವರು. ಐವತ್ತರ ಆಸುಪಾಸು, ಎಲ್ಲರಿಗೂ ಡ್ರೈವರ್ ಮಾಮಾ. ಆಂಟೆನಾ ನೋಡಿ ನಕ್ಕರು. "ಏನ್ರಿ ಇಂಜಿನಿಯರ್ ಸಾಹೇಬ್ರ, ಬಾಲಕ್ಕ ಕೋಡ ಹಚ್ಚೀರಲ್ಲ!" ನಾನೂ ನಕ್ಕೆ. ಇಬ್ಬರೂ ಕೂಡಿ ಮಿರಜದಾಚೆಯ ಬೇಡಗ ಎಂಬ ಹಳ್ಳಿಯ ಕಡೆಗೆ ಗಾಡಿ ಹೊಡೆದುಕೊಂಡು ಹೋಗಿ, ಊರ ಹತ್ತಿರ ನಿಲ್ಲಿಸಿ, ಆಸ್ಪತ್ರೆಯನ್ನು ಕರೆದೆವು. ಅಲ್ಲಿ ಸೆಟ್ಟಿನ ಮುಂದೆ ಕೂರುತ್ತಿದ್ದ ನರ್ಸ್‌ಬಾಯಿಯ ದನಿ ಪಕ್ಕದ ಮನೆಯಿಂದ ಬಂದಂತೆ ಬಂತು. ತಿರುಗಿ ಬರುವಾಗ ಮಾತ್ರ ನಾನು ಮೈಕು ಮುಟ್ಟಲಿಲ್ಲ. ಯಾಕೆ ಮುಟ್ಟಲಿಲ್ಲ? ಏನಾಗುತ್ತದೆ ಅಂತ ಗೊತ್ತಿತ್ತು, ಅದಕ್ಕೇ ಮುಟ್ಟಲಿಲ್ಲ.

ಮಳೆಗಾಲದ ಒಂದು ಮಧ್ಯಾಹ್ನ ಬೇಡಗದಿಂದ ಒಬ್ಬ ತುಂಬು ಬಸುರಿ ಹೆಣ್ಣುಮಗಳನ್ನು ತರಲು ಗಾಡಿ ಹೋಯಿತು. ಚೊಚ್ಚಲ ಹೆರಿಗೆ, ರಕ್ತ ನಿಲ್ಲುತ್ತಿರಲಿಲ್ಲ. ರಕ್ತದ ಬಾಟಲಿ ತರಿಸಿರಿ, ಡಾಕ್ಟರರನ್ನು ಬಾಗಿಲಿಗೆ ಕರೆಯಿರಿ ಅಂತ ಡ್ರೈವರ್ ಮಾಮಾ ಬರುವ ಹಾದಿಯಲ್ಲಿ ಮೂರು ಸಲ ಕರೆದರು. ಉತ್ತರ ಬರಲಿಲ್ಲ. ನಿಲ್ಲಿಸಿ ನೋಡುವಷ್ಟು ಪುರಸತ್ತು ಇರಲಿಲ್ಲ, ಗಾಡಿ ಓಡಿಸಿದರು. ಆಸ್ಪತ್ರೆ ಮುಟ್ಟಿದರೆ ಬಾಗಿಲಲ್ಲಿ ನಾಯಿ ಬಿಟ್ಟರೆ ಯಾರೂ ಇಲ್ಲ. ಡಾಕ್ಟರರು ಬೇರೊಂದು ಆಪರೇಷನ್ನಿನಲ್ಲಿದ್ದರು, ರಕ್ತ ಹೊರಗಿನಿಂದ ಬರಬೇಕಿತ್ತು. ತಾಯಿ ಬದುಕಿಕೊಂಡಳು. ಕೂಸು ಉಳಿಯಲಿಲ್ಲ.

ಕೂಸಿನ ತಂದೆ ಮೂರನೆಯ ದಿನ ಬಂದು, ನಾವು ಬರುವುದು ನಿಮಗೆ ಮೊದಲೇ ಯಾಕೆ ಗೊತ್ತಾಗಲಿಲ್ಲ ಎಂದು ಕೇಳಿದ. ಬೈಯಲಿಲ್ಲ, ಬರೀ ಕೇಳಿದ. ಅದಕ್ಕಾಗಿ ಸಭೆ ಕೂಡಿಸಿದರು. ಸಾವಕಾರರು, ಡಾಕ್ಟರರು, ನರ್ಸ್‌ಬಾಯಿ, ಡ್ರೈವರ್ ಮಾಮಾ. ಸೆಟ್ಟು ಪರೀಕ್ಷೆ ಮಾಡಲು ನಾನು. ಡ್ರೈವರ್ ಮಾಮಾ ಮೂರು ಸಲ ಕರೆದೆ ಎಂದರು. ನರ್ಸ್‌ಬಾಯಿಯ ಪುಸ್ತಕದಲ್ಲಿ ಒಂದು ಕರೆಯೂ ಬರೆದಿರಲಿಲ್ಲ.

"ಎರಡ ಸಲ ಖರ್ರ್ ಅಂತ ಸಪ್ಪಳ ಬಂದಿತ್ರಿ. ಮಾತೇನ ಕೇಳಲಿಲ್ಲ," ಎಂದರು ಆಕೆ.

ಸಾವಕಾರರು ನನ್ನ ಕಡೆ ನೋಡಿದರು. ನಾನು ಅಂಗಳಕ್ಕೆ ಹೋಗಿ ಗಾಡಿಗೆ ಮೀಟರು ಹಚ್ಚಿ ಬಂದೆ. "ಇಪ್ಪತ್ತೈದು ವ್ಯಾಟ್ ಪೂರ್ತಿ ಬರಾಕತ್ತೇತ್ರಿ. ಸೆಟ್ ಚಲೋ ಐತಿ," ಎಂದೆ.

"ಮತ್ತ ಆ ಸಪ್ಪಳ?"

"ಅದು ಯಾವದಾರ ಮೋಟರಿಂದ ಇರಬಹುದ್ರಿ. ಬರತಿರತೈತಿ."

ಡ್ರೈವರ್ ಮಾಮಾ ಎದ್ದು ನಿಂತು ನನ್ನನ್ನೇ ಕೇಳಿದರು. "ಸಾಹೇಬ್ರ, ನೀವು ಒಮ್ಮೆ ನನ್ನ ಕೂಡ ಬೇಡಗದ ಹಾದಿಗೆ ಬಂದು ನೋಡ್ರಿ. ಒಂದ ಸಲ ಬರ್ರಿ ಸಾಕು."

"ಮೀಟರ್ ನೋಡೀನಲ್ರಿ," ಎಂದೆ.

ನನ್ನ ಮಾತಿನಲ್ಲಿ ಹುಡುಕಿದರೂ ಸುಳ್ಳು ಸಿಗುತ್ತಿರಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು ಅದು. ಹೆದರಿದ್ದೆ, ಇದ್ದದ್ದು ಇಷ್ಟೇ. ಆಂಟೆನಾದ ಮಾತು ತೆಗೆದರೆ ತೂತು ಬೇಡ ಎಂದ ಸಾವಕಾರರ ಹೆಸರು ಬರುತ್ತಿತ್ತು, ಗೊತ್ತಿದ್ದೂ ಒಪ್ಪಿದ ನನ್ನ ಹೆಸರು ಬರುತ್ತಿತ್ತು. ಡ್ರೈವರ್ ಮಾಮಾ ಗಾಡಿಯ ಕೀಲಿಯನ್ನು ಮೇಜಿನ ಮೇಲಿಟ್ಟರು. ಕರೆಯದೆ ಕರೆದೆ ಎಂದ ಮನುಷ್ಯ ಎಂದು ಅವರನ್ನು ಕೆಲಸದಿಂದ ಬಿಡಿಸಿದರು.

ವಾರದ ಮೇಲೆ ಹೊಸ ಡ್ರೈವರನನ್ನು ಕರೆದುಕೊಂಡು ನಾನೇ ಬೇಡಗದ ಹಾದಿಗೆ ಹೋದೆ. ಗಾಡಿಯ ಮುಖ ಮಿರಜದ ಕಡೆ ತಿರುಗಿಸಿ ಕರೆದರೆ ನನ್ನ ಸೆಟ್ಟಿನಲ್ಲಿ ಬರೀ ಖರ್ರ್. ಅಲ್ಲೇ ಗಾಡಿ ತಿರುಗಿಸಿ ಬೆನ್ನು ಮಾಡಿ ಕರೆದರೆ ಸ್ವಚ್ಛ ಮಾತು. ಆ ಮೂರು ಕರೆ ಕರೆದದ್ದು ಖರೆ ಎಂದು ಈಗ ಕಿವಿಯಾರೆ ಕೇಳಿದ್ದೆ. ಆದರೂ ಯಾರಿಗೂ ಹೇಳಲಿಲ್ಲ. ಮಾಡಿದ್ದು ಇಷ್ಟು: ಆ ಗಾಡಿಗೆ ಬಣ್ಣ ಹೊಡೆಸಲು ತಂದಾಗ, ಯಾರನ್ನೂ ಕೇಳದೆ ಛಪ್ಪರಕ್ಕೆ ತೂತು ಹಾಕಿ ಆಂಟೆನಾವನ್ನು ನಡುವೆ ನಿಲ್ಲಿಸಿದೆ. ಹತ್ತು ನಿಮಿಷದ ಕೆಲಸ. ಸಾವಕಾರರು ನೋಡಿ, "ಇಲ್ಲೇ ಚಂದ ಕಾಣತೈತಿ ನೋಡ್ರಿ," ಎಂದರು. ನನಗೆ ಅವರ ಮೇಲೆ ಬಂದ ಸಿಟ್ಟಿಗಿಂತ ನನ್ನ ಮೇಲೆ ಬಂದ ಸಿಟ್ಟು ಹೆಚ್ಚು. ಅದನ್ನು ಮನೆಯವರ ಮೇಲೆ, ಗಿರಾಕಿಗಳ ಮೇಲೆ ತೀರಿಸಿಕೊಂಡೆ.

ವರ್ಷಗಳು ಹೋದವು. ಎಲ್ಲರ ಜೇಬಿಗೂ ಮೊಬೈಲ್ ಬಂತು. ಆಸ್ಪತ್ರೆಯವರು ವೈರ್‌ಲೆಸ್ ತೆಗೆಯಲು ನನ್ನನ್ನೇ ಕರೆದರು. ನಾನು ಸ್ಕ್ರೂ ಬಿಚ್ಚುತ್ತಿದ್ದರೆ ಅದೇ ನರ್ಸ್‌ಬಾಯಿ, ಈಗ ತಲೆ ನರೆತಿದ್ದರು, ಬಾಗಿಲಲ್ಲಿ ನಿಂತು ಹಳೆಯದನ್ನೆಲ್ಲ ಮಾತಾಡುತ್ತಿದ್ದರು. "ಆ ಡ್ರೈವರ್ ಮಾಮಾ ಅವತ್ತ ಒಂದ ಸುಳ್ಳ ಹೇಳಿದ್ರ ಹೇಳ್ಲಿ, ಮನುಷ್ಯಾ ಮಾತ್ರ ಬಂಗಾರದಂಥವ್ರಿ," ಎಂದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಸ್ಕ್ರೂಡ್ರೈವರು ಕೆಳಗಿಟ್ಟೆ. ಒಬ್ಬ ಒಳ್ಳೆಯ ಹೆಂಗಸು, ಒಳ್ಳೆಯ ಮನಸ್ಸಿನಿಂದ, ಇಷ್ಟು ವರ್ಷ ಆ ಮನುಷ್ಯನನ್ನು ಸುಳ್ಳುಗಾರ ಎಂದು ಕ್ಷಮಿಸುತ್ತ ಬಂದಿದ್ದರು. ಆಕೆಗೆ ಅಲ್ಲೇ ನಿಂತು ಎಲ್ಲ ಹೇಳಿದೆ. ಆಕೆ ಒಳಗೆ ಹೋದರು. ಮರುದಿನ ಮುಂಜಾನೆ ಸ್ಕೂಟರ್ ಹತ್ತಿ ಕವಲಾಪುರಕ್ಕೆ ಹೋದೆ.

ಡ್ರೈವರ್ ಮಾಮಾ ಮನೆಯ ಮುಂದಿನ ಹಗ್ಗದ ಮಂಚದ ಮೇಲೆ ಕುಳಿತಿದ್ದರು. ಬಹಳ ಸೊರಗಿದ್ದರು. ಗುರುತು ಹಿಡಿದು, "ಇಂಜಿನಿಯರ್ ಸಾಹೇಬ್ರ! ಬರ್ರಿ, ಕುಂದ್ರಿ," ಎಂದು ಒಳಗೆ ಚಹಾ ಹೇಳಿದರು. ಆ ಮರ್ಯಾದೆ ನನಗೆ ಚಪ್ಪಲಿಯೇಟಿಗಿಂತ ಹೆಚ್ಚಾಯಿತು. ಚಹಾ ಬರುವ ಮೊದಲೇ ಎಲ್ಲ ಹೇಳಿದೆ. ಬಂಪರು, ಗೋಡೆ, ಖರ್ರ್ ಸಪ್ಪಳ, ವಾರದ ಮೇಲೆ ನಾನೇ ಹೋಗಿ ಕೇಳಿದ್ದು. ಬೈಯಲಿ ಎಂದು ತಲೆ ತಗ್ಗಿಸಿ ಕುಳಿತೆ.

ಅವರು ಮೈಕಿನ ಬಟನ್ ಒತ್ತುತ್ತಿದ್ದ ತಮ್ಮ ಬಲಗೈ ಹೆಬ್ಬೆರಳನ್ನು ನೋಡಿಕೊಂಡರು.

"ಬಟನ್ ನಾನ ಬಿಟ್ಟಿರಬೇಕು ಅಂತ ತಿಳದಿದ್ದೆ," ಎಂದರು. "ನಿಮಗ ಎಂದೂ ಬೈದಿಲ್ರಿ ನಾ. ನೀವು ಶಾಣ್ಯಾರು, ಮೀಟರ್ ಹಚ್ಚಿ ನೋಡಿ ಚಲೋ ಐತಿ ಅಂದ್ರಿ. ಗಾಬರಿಯೊಳಗ ಬೆರಳ ಜಾರಿತೋ ಏನೋ, ಕರದೀನಿ ಅಂತ ಬರೇ ಅನಕೊಂಡೆನೋ ಏನೋ. ಆ ಕೂಸ ಹೋಗಿದ್ದು ನನ್ನ ಕೈಯಿಂದ ಅಂತ ಇಷ್ಟ ವರ್ಷ… ಆಮ್ಯಾಲ ಯಾರ ಗಾಡೀನೂ ಮುಟ್ಟಲಿಲ್ರಿ ನಾ."

ಅವರು ನನ್ನನ್ನು ಶಪಿಸುತ್ತಿರಬಹುದು ಎಂದು ನಾನು ಇಷ್ಟು ವರ್ಷ ಅಂದುಕೊಂಡಿದ್ದೆ. ಅವರು ನನ್ನನ್ನು ನಂಬಿದ್ದರು. ಶಾಪವನ್ನಾದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಮಗುವಿನ ಹಾಗೆ ಅತ್ತುಬಿಟ್ಟೆ. ಅವರು ಅಳಲಿಲ್ಲ, ನನ್ನನ್ನು ಸಮಾಧಾನವೂ ಮಾಡಲಿಲ್ಲ. ಒಳಗಿನಿಂದ ಹೆಂಡತಿಯನ್ನು ಕೂಗಿ ಕರೆದು, "ಮತ್ತೊಮ್ಮೆ ಹೇಳ್ರಿ. ಈಕಿ ಕೇಳ್ಲಿ," ಎಂದರು. ಆಕೆಯ ಮುಂದೆ ಮೊದಲಿಂದ ಹೇಳಿದೆ. ಆಕೆ ಸೆರಗು ಬಾಯಿಗೆ ಒತ್ತಿಕೊಂಡು ನಿಂತರು. ಚಹಾ ತಂದ ಸೊಸೆಯನ್ನೂ ಡ್ರೈವರ್ ಮಾಮಾ ಅಲ್ಲೇ ನಿಲ್ಲಿಸಿಕೊಂಡರು.

"ಸೊಸಿಗೆ ಕನ್ನಡ ಬರಂಗಿಲ್ರಿ. ಮರಾಠಿಯೊಳಗ ಹೇಳ್ರಿ."

ಎದ್ದು ನಿಂತು ಆ ಹುಡುಗಿಯ ಮುಂದೆ, ಇವರು ಕರೆದಿದ್ದರು, ತಪ್ಪು ನನ್ನದು ಎಂದು ಮರಾಠಿಯಲ್ಲಿ ಹೇಳಿದೆ. ನನ್ನ ಮಾತು ಮುಗಿಯಿತು ಎಂದುಕೊಂಡು ಸ್ಕೂಟರಿನ ಕಡೆ ತಿರುಗಿದರೆ ಡ್ರೈವರ್ ಮಾಮಾ ನನ್ನ ತೋಳು ಹಿಡಿದುಕೊಂಡರು.

"ಮಗಾ ಹೊಲಕ್ಕ ಹೋಗ್ಯಾನ್ರಿ. ಅವ ಬರೂತನಕ ಕುಂದ್ರಿ."

ಕುಳಿತೆ.