ತಪಾಸಣೆಗಾರರ ನಾಲ್ಕನೆಯ ಕಾಲಂ

೧೯೯೪ನೆಯ ಇಸವಿಯ ನವೆಂಬರ್ ಎಂಟು, ಮಂಗಳವಾರ, ಚಳಿಗಾಲದ ಆರಂಭ. ಬೆಳಗಿನಿಂದ ಬಿಸಿಲಿನ ಸುಳಿವಿರಲಿಲ್ಲ. ಒಣಗಾಳಿಯು ಬೀದಿಯ ಧೂಳನ್ನೆಲ್ಲ ಗುಡಿಸಿ ತಂದು ಕನ್ನಡಕದ ಅಂಗಡಿಯ ಮೆಟ್ಟಿಲ ಮೇಲೆ ಸುರಿಯುತ್ತಿತ್ತು. ಆ ಅಂಗಡಿಯ ಮಹಡಿಯಲ್ಲಿ, ಹಟಮಾರಿ ಮಕ್ಕಳ ತಂದೆತಾಯಿಯರನ್ನು ಕೂರಿಸಿಕೊಂಡು ಸಲಹೆ ನೀಡುವ ಮಹಿಳೆಯೊಬ್ಬರ ಕೋಣೆಯಿತ್ತು. ನಾಲ್ಕೂವರೆಯ ಭೇಟಿಗೆ ನಾಲ್ಕು ಇಪ್ಪತ್ತಕ್ಕೇ ಪತ್ನಿಯೊಡನೆ ಬಂದು ಬೆಂಚಿನ ತುದಿಯಲ್ಲಿ ಕುಳಿತವರು ನಲ್ಲಿ ಕಾರ್ಖಾನೆಯ ತಪಾಸಣೆಗಾರರು.

ಕಾರ್ಖಾನೆಯಲ್ಲಿ ಅವರ ಅಡ್ಡಹೆಸರು ‘ವಾಪಸ್ಸಪ್ಪ’. ತಯಾರಾದ ಪ್ರತಿಯೊಂದು ನಲ್ಲಿಯನ್ನೂ ನೀರಿನ ಒತ್ತಡಕ್ಕೆ ಒಡ್ಡಿ, ಒಂದು ಹನಿ ಒಸರಿದರೂ ವಾಪಸ್ಸು ಕಳಿಸುವುದು ಅವರ ಕೆಲಸ. ಇಪ್ಪತ್ತೊಂದು ವರ್ಷಗಳಲ್ಲಿ ಅವರ ಕೈದಾಟಿ ಹೋದ ನಲ್ಲಿ ಸೋರಿತೆಂಬ ದೂರು ಬಂದದ್ದು ಎರಡೇ ಬಾರಿ; ಎರಡರ ತಾರೀಖೂ ಅವರಿಗೆ ಬಾಯಿಪಾಠ. ದೋಷವನ್ನು ರಿಜಿಸ್ಟರಿನಲ್ಲಿ ಬರೆದು, ಮಾಡಿದ ಕೆಲಸಗಾರನಿಗೇ ತೋರಿಸಿ, ಪಕ್ಕದಲ್ಲಿ ಅವನ ಸಹಿ ಪಡೆಯುತ್ತಿದ್ದರು. ಯಾರ ಮೇಲೂ ಕದ್ದು ಚಾಡಿ ಹೇಳಿದವರಲ್ಲವೆಂಬುದು ಅವರ ಹೆಮ್ಮೆ.

ಅವರ ಎಂಟು ವರ್ಷದ ಒಬ್ಬಳೇ ಮಗಳು ಶಾಲೆಯಲ್ಲಿ ಜೊತೆಯ ಮಕ್ಕಳನ್ನು ಕಚ್ಚುತ್ತಿದ್ದಳು; ಮನೆಯಲ್ಲಿ ಕೈಗೆ ಸಿಕ್ಕಿದ್ದನ್ನು ಬೀಸಿ ಎಸೆಯುತ್ತಿದ್ದಳು. ನವೆಂಬರ್ ಮೂವತ್ತರೊಳಗೆ ಸುಧಾರಣೆ ಕಾಣದಿದ್ದರೆ ಹೆಸರು ತೆಗೆದುಹಾಕುವುದಾಗಿ ಮುಖ್ಯೋಪಾಧ್ಯಾಯಿನಿ ಪತ್ರ ಬರೆದಿದ್ದರು. ಅದು ಮೂರನೆಯ ಶಾಲೆ. ನಾಲ್ಕನೆಯದು ಆ ಊರಿನಲ್ಲಿರಲಿಲ್ಲ.

“ಏನ್ ಮಾಡಿದ್ರೂ ಬುದ್ಧಿ ಬರ್ತಿಲ್ಲ ಮೇಡಂ,” ಎಂದರು ತಪಾಸಣೆಗಾರರು.

“ಏನೇನ್ ಮಾಡಿದ್ರಿ?” ಎಂದು ಸಲಹೆಗಾರ್ತಿ ಕೇಳಿದರು.

“ಹೇಳಿ ನೋಡ್ದೆ, ಬೈದು ನೋಡ್ದೆ, ಮಾತು ಬಿಟ್ಟು ನೋಡ್ದೆ.”

“ಮಾತು ಬಿಟ್ಟಿದ್ದು ನನ್ ಜೊತೆನೂ,” ಎಂದು ಪತ್ನಿ ಸೇರಿಸಿದರು. “ಅವಳು ಲೋಟ ಎಸೆದ್ರೆ ನಂಗೂ ಶಿಕ್ಷೆ.”

ಸಲಹೆಗಾರ್ತಿ ನಕ್ಕು, ಹಾಳೆಯೊಂದರ ಮೇಲೆ ಗೆರೆ ಎಳೆದು ಮೂರು ಕಾಲಂ ಮಾಡಿದರು. “ಮೊದಲು ಏನ್ ನಡೀತು, ಅವಳೇನ್ ಮಾಡಿದ್ಲು, ಆಮೇಲೆ ನೀವೇನ್ ಮಾಡಿದ್ರಿ. ಹದಿನಾಲ್ಕು ದಿನ ಬರೆದು ತನ್ನಿ. ತೀರ್ಪು ಬೇಡ, ನಡೆದದ್ದು ಮಾತ್ರ.”

ತಪಾಸಣೆಗಾರರ ಎದೆ ಹಗುರಾಯಿತು. ಇದು ಅವರ ಕೈಗೆ ಒಗ್ಗಿದ ವಿದ್ಯೆ. ಅಂದೇ ದಪ್ಪ ರಟ್ಟಿನ ಪುಸ್ತಕ ಕೊಂಡು, ದಿನಕ್ಕೊಂದು ಪುಟದಂತೆ ಶಾಲೆಯ ಗಡುವಿನವರೆಗೂ ತಾರೀಖು ಹಾಕಿದರು. ಸಹಿಯಿಲ್ಲದ ದಾಖಲೆ ಅವರ ದೃಷ್ಟಿಯಲ್ಲಿ ದಾಖಲೆಯೇ ಅಲ್ಲವಾದ್ದರಿಂದ, ನಾಲ್ಕನೆಯ ಕಾಲಮ್ಮೊಂದನ್ನು ತಾವೇ ಸೇರಿಸಿದರು.

ಪ್ರತಿ ಸಂಜೆ ಆರಕ್ಕೆ ಊಟದ ಮೇಜಿನ ಮೇಲೆ ಪುಸ್ತಕ ತೆರೆದುಕೊಳ್ಳುತ್ತಿತ್ತು. “ಓದಿ ನೋಡು. ಸುಳ್ಳಿದ್ರೆ ಹೇಳು, ತೆಗೀತೀನಿ,” ಎನ್ನುತ್ತಿದ್ದರು. ಮಗಳು ಕುರ್ಚಿಯ ಮೇಲೆ ಮೊಣಕಾಲೂರಿ ಓದಿ, ಸಹಿ ಹಾಕುತ್ತಿದ್ದಳು.

“ಮಗೂ ಕೈಲಿ ಯಾಕ್ರೀ ಸಹಿ ಹಾಕಿಸ್ತೀರಾ? ಇದೇನು ಪೊಲೀಸ್ ಠಾಣೆನಾ?” ಎಂದರು ಪತ್ನಿ.

“ಅವಳಿಗೆ ಗೊತ್ತಿಲ್ದೆ ಅವಳ ಮೇಲೆ ಬರೆದ್ರೆ ಮೋಸ ಅಲ್ವೇನೆ?”

ಹತ್ತೊಂಬತ್ತನೆಯ ತಾರೀಖು, ಶನಿವಾರದಿಂದ ಮಗಳು ಏನನ್ನೂ ಎಸೆಯಲಿಲ್ಲ. ಮೂರು ದಿನ ಸತತವಾಗಿ ‘ದೋಷವಿಲ್ಲ’ ಎಂದು ಬರೆದ ತಂದೆ, ಗೆದ್ದೆವೆಂದೇ ಭಾವಿಸಿ, ಇಪ್ಪತ್ತೆರಡರಂದು ಪತ್ನಿಯೊಡನೆ ಎದೆಯುಬ್ಬಿಸಿಕೊಂಡು ಮಹಡಿಯ ಮೆಟ್ಟಿಲು ಹತ್ತಿದರು.

ಸಲಹೆಗಾರ್ತಿ ನಿಧಾನವಾಗಿ ಪುಟ ತಿರುವಿದರು. ಮೊದಲ ಕಾಲಂ ಎಲ್ಲೆಡೆ ಖಾಲಿ. ಎರಡನೆಯದರಲ್ಲಿ ದೋಷ, ಗಂಟೆ ನಿಮಿಷ ಸಹಿತ. ‘ಆಮೇಲೆ ನೀವೇನು ಮಾಡಿದಿರಿ’ ಎಂಬಲ್ಲಿ ದೋಷವಿದ್ದ ದಿನವೆಲ್ಲ ಒಂದೇ ವಾಕ್ಯ: ‘ಸಹಿ ಪಡೆಯಲಾಯಿತು.’ ನಾಲ್ಕನೆಯದರಲ್ಲಿ ಮೊದಲ ದಿನ ಮಗುವಿನ ಪೂರ್ತಿ ಹೆಸರು, ಪಕ್ಕದಲ್ಲೊಂದು ಪುಟ್ಟ ಹೂವು. ಐದನೆಯ ದಿನಕ್ಕೆ ಒಂದೇ ಅಕ್ಷರ. ಆಮೇಲೆ ಬರಿಯ ಗೆರೆ.

“ದೋಷವಿಲ್ಲ ಅಂದ ದಿನಕ್ಕೂ ಸಹಿ ಇದೆಯಲ್ಲ?”

“ನಾನು ಕೇಳಿರ್ಲಿಲ್ಲ. ಗಮನಿಸ್ಲೂ ಇಲ್ಲ,” ಎಂದರು ತಪಾಸಣೆಗಾರರು.

ಸಲಹೆಗಾರ್ತಿ ಮತ್ತೆ ತಿರುವಿದರು. ಇಪ್ಪತ್ತೆರಡು, ಇಪ್ಪತ್ತಮೂರು... ಮೂವತ್ತರವರೆಗೆ ಎಲ್ಲ ಪುಟಗಳೂ ಖಾಲಿ, ಎಲ್ಲದರಲ್ಲೂ ಸಹಿ.

ಪತ್ನಿ ತಲೆ ತಗ್ಗಿಸಿದರು. “ಶನಿವಾರ ಮಧ್ಯಾಹ್ನ ಪುಸ್ತಕ ಇಟ್ಕೊಂಡು ಕೂತಿದ್ಲು. ಏನೇ ಅದು ಅಂದೆ. ‘ಮುಂದೆ ಮಾಡೋದಕ್ಕೆಲ್ಲ ಈಗ್ಲೇ ಹಾಕ್ಬಿಟ್ಟೆ ಅಮ್ಮ, ಅಪ್ಪ ಕರೆಯೋದೇ ಬೇಡ’ ಅಂದ್ಲು. ಆಟ ಅನ್ಕೊಂಡೆ.”

ಖಾಲಿ ಹಾಳೆಗೆ ಸಹಿ ಹಾಕುವ ಕೆಲಸಗಾರರನ್ನು ತಪಾಸಣೆಗಾರರು ಕಂಡಿದ್ದರು. ಎಷ್ಟು ಸರಿಯಾಗಿ ಮಾಡಿದರೂ ವಾಪಸ್ಸು ಬರುವುದೇ ಎಂದು ಕೈಚೆಲ್ಲಿದವರು ಮಾತ್ರ ಹಾಗೆ ಮಾಡುತ್ತಾರೆ. ಅವರು ಪುಸ್ತಕವನ್ನು ತಮ್ಮತ್ತ ಎಳೆದುಕೊಂಡರು.

“ಹರಿದು ಹಾಕ್ಲಾ?”

“ಹರಿದ್ರೆ ಅವಳ ಮನಸ್ಸಿಂದ ಹೋಗುತ್ತಾ? ತಪ್ಪು ಯಾರದು ಅಂತ ಹೋಗಿ ಅವಳಿಗೇ ಹೇಳಿ.”

ಮನೆಯಲ್ಲಿ ಮಗಳು ನೆಲದ ಮೇಲೆ ಕುಳಿತು ಶೂ ದಾರ ಬಿಚ್ಚುತ್ತಿದ್ದಳು. ತಪಾಸಣೆಗಾರರು, ಜೀವಮಾನದಲ್ಲಿ ಮೊದಲ ಬಾರಿಗೆ, ಅವಳೆದುರು ನೆಲದ ಮೇಲೇ ಕುಳಿತರು.

“ಪುಟ್ಟಾ, ಈ ಪುಸ್ತಕ ಮಾಡಿದ್ದೇ ತಪ್ಪು. ನಂದೇ ತಪ್ಪು.”

ಮಗಳು ಅವರ ಮುಖವನ್ನೂ ಪುಸ್ತಕವನ್ನೂ ನೋಡಿದಳು.

“ಎಲ್ಲಿ ಸಹಿ ಹಾಕ್ಲಿ?” ಎಂದಳು.

ಶಾಲೆಯವರು ಗಡುವನ್ನು ಮಾರ್ಚ್‌ವರೆಗೆ ಮುಂದೂಡಿದರು. ೧೯೯೫ರ ಫೆಬ್ರವರಿ ಒಂಬತ್ತರಂದು ಅವಳು ಮತ್ತೊಂದು ಮಗುವನ್ನು ಕಚ್ಚಿದಳು. ಹದಿಮೂರರಂದು ಹೆಸರು ತೆಗೆಯಲಾಯಿತು. ಅದೇ ವರ್ಷದ ಜೂನ್ ಐದರಿಂದ ಪಕ್ಕದ ಊರಿನ ಶಾಲೆಗೆ, ಒಂದು ಗಂಟೆಯ ಬಸ್ ಪ್ರಯಾಣ ಮಾಡಿ ಹೋದಳು. ಸಲಹೆಗಾರ್ತಿಯ ಬಳಿ ಭೇಟಿಗಳು ೧೯೯೬ರ ಸೆಪ್ಟೆಂಬರ್ ಇಪ್ಪತ್ತನಾಲ್ಕರವರೆಗೆ ನಡೆದವು; ತಂದೆ ತಪ್ಪಿಸಿದ್ದು ಒಂದನ್ನು, ಜ್ವರದ ಕಾರಣ. ಕಚ್ಚುವುದು ಹೊಸ ಶಾಲೆಗೆ ಸೇರಿದ ವರ್ಷವೇ ನಿಂತಿತು, ಎಸೆಯುವುದು ಮರುವರ್ಷ. ತಪಾಸಣೆಗಾರರು ೨೦೦೮ರ ಜುಲೈ ಮೂವತ್ತೊಂದರಂದು ನಿವೃತ್ತರಾದರು. ಮಗಳು ಈಗ ಬೇರೆ ಊರಿನಲ್ಲಿ ಉದ್ಯೋಗದಲ್ಲಿದ್ದಾಳೆ. ಭಾನುವಾರ ತಾಯಿಗೆ ಫೋನ್ ಮಾಡುತ್ತಾಳೆ. ತಂದೆ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಾಳೆ.