ಡಬ್ಬಾ ಬಾರಿಸಿದವರು

ಮಂಗಗಳಿಗೆ ಸಂಗೀತಜ್ಞಾನ ಉಂಟೋ ಇಲ್ಲವೋ ಎಂಬ ಗಹನವಾದ ಪ್ರಶ್ನೆ ಬೀದರಿನ ಮೈಲೂರಿನಲ್ಲಿ ಎದ್ದದ್ದು ಬರಗಾಲದಲ್ಲಿ. ನಮ್ಮ ಓಣಿಯ ಅರ್ಧ ಮನೆಗಳಿಗೆ ಬೀಗ. ಮಂದಿ ದುಡಿಯಲು ಹೈದರಾಬಾದಿಗೆ ಹೋಗಿದ್ದರು. ಹಾಗೆ ಖಾಲಿಯಾದ ಔರಾದ ಕಡೆಯವರ ತಗಡಿನ ಮನೆಯ ಮೇಲೆ ಒಂದು ಮಂಗ ಕರಾರು ಪತ್ರವಿಲ್ಲದೆ ವಾಸಕ್ಕೆ ಬಂದಿತ್ತು.

ನೀರಿನ ಟ್ಯಾಂಕರಿನವನು ಬಂದಾಗಲೆಲ್ಲ ಓಣಿಯ ಮೂಲೆಯಲ್ಲಿ ನಿಂತು ಎಣ್ಣೆಯ ಖಾಲಿ ಡಬ್ಬಾ ಬಾರಿಸಿ ಕರೆಯುತ್ತಿದ್ದ. ನಾವು ಕೊಡ ಹಿಡಿದು ಓಡುತ್ತಿದ್ದೆವು. ಪೈಪಿನಿಂದ ಸೋರಿದ್ದನ್ನು ಮಂಗ ಕುಡಿಯುತ್ತಿತ್ತು. ಒಂದು ದಿನ ಅದು ಡಬ್ಬಾವನ್ನೇ ಎತ್ತಿಕೊಂಡು ಹೋಯಿತು. ಟ್ಯಾಂಕರಿನವನು ಹೊಸದೊಂದು ತಂದ. ಹಳೆಯದನ್ನು ಹಿಡಿದು ಮಂಗ ತಗಡಿನ ಮೇಲೆ ಸಂಗೀತದ ಬೈಠಕ್ ಶುರು ಮಾಡಿತು: ಎರಡು ಪೆಟ್ಟು, ಬಿಡುವು, ಮತ್ತೆ ಎರಡು. ಕೊಡ ಹಿಡಿದು ಓಡಿದರೆ ಟ್ಯಾಂಕರಿಲ್ಲ, ಮೇಲೆ ಕಲಾವಿದರು ಮಾತ್ರ. ಕ್ರಮೇಣ ಯಾರೂ ಓಡದಾದರು.

ಪಕ್ಕದ ಮನೆಯ ಹಿರಿಯಾಕೆ ಕಾಕುವಿಗೆ ಇದು ನಗುವ ಮಾತಾಗಿರಲಿಲ್ಲ. ಭಾಲ್ಕಿಗೆ ಕೊಟ್ಟ ಮಗಳು ತವರಿಗೆ ಬಂದು ಹೆತ್ತಿದ್ದಳು. ಬಾಣಂತಿಗೂ ಕೂಸಿಗೂ ಎರೆಯಲು ನೀರಿಲ್ಲ. ಓಣಿಗೆ ಟ್ಯಾಂಕರು ಬರುವ ಪಾಳಿ ನಾಡಿದ್ದು. ಆ ಬೆಳಿಗ್ಗೆ ಡಬ್ಬಾ ಸದ್ದು ಕೇಳಿ ಅವರು ಕೊಡ ಎತ್ತಿಕೊಂಡರು.

“ಎಲ್ಲಿ ಹೊಂಟೀರಿ ಕಾಕು? ಮಂಗ್ಯಾ ಬಾರಸ್ಲಾಕತ್ತದ,” ಎಂದೆ.

“ಗೊತ್ತದಪಾ. ನೀರಿಲ್ಲದ ಮನ್ಯಾಗ ಕುಂತು ಏನ್ ಮಾಡ್ಲಿ? ನಿಮ್ಮ ಕೊಡಾನೂ ತಾ, ಪಾಳಿ ಹಚ್ಚೋಣ.”

ನಮ್ಮಲ್ಲಿ ಪಾಳಿಯಲ್ಲಿ ಮನುಷ್ಯ ನಿಲ್ಲುವುದಿಲ್ಲ, ಕೊಡ ನಿಲ್ಲುತ್ತದೆ. ಕೊಡ ಇಟ್ಟವರು ನೆರಳಿಗೆ ಹೋದರೂ ಜಾಗ ಅವರದೇ. ಕಾಕು ತಮ್ಮ ಕೊಡ, ನಮ್ಮ ಕೊಡ, ಕೊನೆಗೆ ತೂತು ಬಿದ್ದ ಬಕೆಟ್ಟನ್ನೂ ಸಾಲಾಗಿ ಹಚ್ಚಿದರು. ಕಿಟಕಿಯಿಂದ ಸಾಲು ಕಂಡ ಓಣಿ, ಪಾಳಿ ತಪ್ಪೀತೆಂದು ಹೆದರಿ, ಬೈಯುತ್ತಲೇ ತನ್ನ ಕೊಡಗಳನ್ನೂ ತಂದಿಟ್ಟಿತು.

ಬೇರೆ ಓಣಿಗೆ ಹೊರಟಿದ್ದ ಟ್ಯಾಂಕರು ಆ ಸಾಲು ಕಂಡು ಗಕ್ಕನೆ ನಿಂತಿತು.

“ಇವತ್ತ ನಿಮ್ಮ ಪಾಳಿ ಏನ್ರಿ?” ಡ್ರೈವರ್ ತಲೆ ಕೆರೆದುಕೊಂಡ. “ಯಾರು ಕರದ್ರು ನಿಮಗ?”

ಕಾಕು ತಗಡಿನ ಕಡೆ ಕೈ ಮಾಡಿದರು. “ಅವರು ಕರದ್ರು.”

“ಅದು ನನ್ನ ಡಬ್ಬಾ ಅಲ್ಲೇನ್ರಿ!”

“ಡಬ್ಬಾ ನಿಂದೇ, ಕೈ ಅವರದು. ಮನ್ಯಾಗ ಬಾಣಂತಿ ಅದಾಳ ತಮ್ಮಾ. ಒಂದೊಂದು ಕೊಡ ಬಿಡು, ಉಳದದ್ದು ಆ ಓಣಿಗೆ ಒಯ್ಯಿ.”

ಅವನು ಮಂಗನನ್ನು ನೋಡಿದ, ಸಾಲನ್ನು ನೋಡಿದ, ಪೈಪು ಬಿಚ್ಚಿದ.

ನೀರು ಬಂದರೆ ಮಂದಿ ಕೂಡುತ್ತಾರೆಂದು ನಾವು ತಿಳಿದಿದ್ದೆವು. ಮಂದಿ ಕೂಡಿದರೆ ನೀರು ಬರುತ್ತದೆಂಬುದು ಮಂಗನ ಸಿದ್ಧಾಂತವಾಗಿದ್ದೀತು. ಅಂದು ಗೆದ್ದದ್ದು ಅದರದೇ. ಆದರೆ ಅದು ಕರೆದದ್ದೋ, ಸುಮ್ಮನೆ ಬಾರಿಸಿದ್ದೋ, ನನಗೆ ಇಂದಿಗೂ ಬಗೆಹರಿದಿಲ್ಲ.

ತುಂಬಿದ ಕೊಡ ಹೊತ್ತು ಕಾಕು ಮನೆಗೆ ಧಾವಿಸುವಾಗಲೂ ಡಬ್ಬಾ ನಡೆದೇ ಇತ್ತು.

“ಸಾಕ್ರಿ ಇನ್ನ! ಕೂಸು ಎದ್ದೀತು!” ಎಂದು ಅವರು ಮೇಲಕ್ಕೆ ಗದರಿದರು.

ಡ್ರೈವರನಿಗೂ ಸಿಗದ ‘ರಿ’ ತನಗೆ ಸಿಕ್ಕಿತೆಂದೋ ಏನೋ, ಮಂಗ ಕೈ ತಡೆದು ಪೈಪಿನ ಕಡೆಗೆ ಇಳಿಯಿತು.