ಅರ್ಧ ಬೆಲೆಯ ಚೀಟಿ

ಸೂಪರ್ ಮಾರ್ಕೆಟ್ಟಿನಲ್ಲಿ ನನ್ನ ಕೆಲಸ ಏನೆಂದರೆ, ನಾಳೆ ನಾಡಿದ್ದರಲ್ಲಿ ಅವಧಿ ಮುಗಿಯುವ ಸಾಮಾನು ಹುಡುಕಿ 'ಅರ್ಧ ಬೆಲೆ' ಎಂಬ ಹಳದಿ ಚೀಟಿ ಅಂಟಿಸುವುದು. ಹನ್ನೊಂದು ವರ್ಷದಿಂದ ಅಂಟಿಸುತ್ತಿದ್ದೇನೆ. ಆ ಚೀಟಿ ಕಂಡರೆ ಜನ ಹೇಗೆ ಮುಗಿಬೀಳುತ್ತಾರೆ, ಬೇಡದ್ದನ್ನೂ ಹೇಗೆ ಬುಟ್ಟಿಗೆ ತುಂಬಿಕೊಳ್ಳುತ್ತಾರೆ ಎಂಬುದನ್ನು ನನ್ನಷ್ಟು ಬಲ್ಲವರಿಲ್ಲ. ಹಾಗಿದ್ದೂ ಆ ಚೀಟಿಗೆ ಎಲ್ಲರಿಗಿಂತ ಮೊದಲು ಮರುಳಾಗುವ ಬೆಪ್ಪ ನಾನೇ.

ಸಂಜೆ ಹೊರಡುವಾಗ ಯಾರೂ ಮುಟ್ಟದ ಬ್ರೆಡ್ಡು, ಮೊಸರು, ಬಾಡಿದ ಸೊಪ್ಪು ಕಣ್ಣಿಗೆ ಬಿದ್ದರೆ ನನ್ನ ಕರುಳು ಚುರುಕ್ಕೆನ್ನುತ್ತದೆ. ಎಲ್ಲವನ್ನೂ ಹೊತ್ತು ತರುತ್ತೇನೆ. ಮನೆಯಲ್ಲಿರುವುದು ನಾನು ಮತ್ತು ಅಮ್ಮ, ಎರಡೇ ಹೊಟ್ಟೆ. "ಅಂಗಡೀಲಿ ಕೊಳೀಬೇಕಾದ್ದು ನಮ್ಮನೇಲಿ ಕೊಳೀತಿದೆ, ಅಷ್ಟೇ ಕಣೋ" ಎನ್ನುತ್ತಾಳೆ ಅಮ್ಮ. ಆಹಾರ ಉಳಿಸುತ್ತಿದ್ದೇನೆ ಎಂದು ನಾನು ಎದೆಯುಬ್ಬಿಸುತ್ತೇನೆ. ವಾರಕ್ಕೊಮ್ಮೆ ಮೂಗು ಮುಚ್ಚಿಕೊಂಡು ಕಸದ ಚೀಲ ಹೊರುವವನೂ ನಾನೇ.

ಹೋದ ಶುಕ್ರವಾರ ಎಂಟು ಡಬ್ಬಿ ಮೊಸರು ತಂದೆ. ಫ್ರಿಜ್ಜಿನಲ್ಲಿ ಕಾಲಿಡಲೂ ಜಾಗವಿರಲಿಲ್ಲ. ಬಸ್ ಕಂಡಕ್ಟರನ ಹಾಗೆ "ಒಳಗೆ ನಡೀರಿ, ಒಳಗೆ ನಡೀರಿ" ಎಂದು ಎಲ್ಲವನ್ನೂ ಹಿಂದಕ್ಕೆ ತಳ್ಳಿ, ಹೆಮ್ಮೆಯಿಂದ ಬಾಗಿಲು ಒತ್ತಿದೆ.

ಮರುದಿನ ನನಗೆ ರಜೆ. ಮಧ್ಯಾಹ್ನ ಅಡುಗೆ ಮಾಡಿ ಅಮ್ಮನಿಗೆ ತಟ್ಟೆ ಹಾಕಿದೆ. ದಿನಾ ಮಧ್ಯಾಹ್ನದ ಊಟಕ್ಕೆ ಮುಂಚೆ ಅವಳು ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಫ್ರಿಜ್ಜಿನಲ್ಲಿ ಆ ಔಷಧಿಯ ಡಬ್ಬಿ ಹುಡುಕಿದರೆ, ನಾನು ತಳ್ಳಿದ ರಭಸಕ್ಕೆ ಅದು ಹಿಂದೆ ಮಂಜುಗಟ್ಟಿದ ಗೋಡೆಗೆ ಅಂಟಿಕೊಂಡಿತ್ತು. ಎರಡೂ ಬಾಟಲಿ ಗಟ್ಟಿಯಾಗಿದ್ದವು. ಹೆಪ್ಪುಗಟ್ಟಿದ ಇನ್ಸುಲಿನ್ ಮತ್ತೆ ಕರಗಿದರೂ ಕೆಲಸಕ್ಕೆ ಬಾರದು.

"ಹೋಗ್ಲಿ ಬಿಡೋ, ನಂಗೇನೂ ಹಸಿವಿಲ್ಲ. ನೀನು ಊಟ ಮಾಡ್ಕೊಂಡು ಹೋಗು" ಎಂದಳು ಅಮ್ಮ.

ಬೀದಿ ತುದಿಯ ಔಷಧಿ ಅಂಗಡಿ ಮಧ್ಯಾಹ್ನಕ್ಕೆ ಮುಚ್ಚಿತ್ತು. ಬಸ್ ಹಿಡಿದು ಆಸ್ಪತ್ರೆಯ ಹತ್ತಿರದ ಅಂಗಡಿಗೆ ಓಡಿದೆ. ಅಲ್ಲೂ ಸುಮ್ಮನಿರದೆ ಬಾಟಲಿ ಕೈಗೆ ಬಂದ ಕೂಡಲೇ ತಿರುಗಿಸಿ ಅವಧಿ ನೋಡಿದೆ. "ಇನ್ನೂ ಒಂದೂವರೆ ವರ್ಷ ಇದೆ ಸಾರ್" ಎಂದ ಅಂಗಡಿಯವನು. ನನ್ನ ಕೈಗೆ ಸಿಕ್ಕರೆ ಒಂದು ದಿನವೂ ಬಾಳುವುದಿಲ್ಲ ಎಂದು ಅವನಿಗೇನು ಗೊತ್ತು!

ಮನೆಗೆ ಬಂದಾಗ ಮೂರೂವರೆ. ಫ್ರಿಜ್ಜಿನ ತುಂಬ ತಿನ್ನುವ ಸಾಮಾನು, ಅಮ್ಮ ಮಾತ್ರ ಖಾಲಿ ಹೊಟ್ಟೆಯಲ್ಲಿ ತಟ್ಟೆಯ ಮುಂದೆ ಕೂತಿದ್ದಳು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಅಮ್ಮ ಸೂಜಿ ಚುಚ್ಚಿಕೊಂಡು, ಡಾಕ್ಟರು ಹೇಳಿದಷ್ಟು ಹೊತ್ತು ಕಾದು, ಊಟಕ್ಕೆ ಕೈ ಹಾಕಿದಳು. ಹಸಿವಿಲ್ಲ ಎಂದಿದ್ದವಳು ನಾನು ಎರಡನೆಯ ಸಲ ಬಡಿಸುವವರೆಗೂ ತಟ್ಟೆಯಿಂದ ಕೈ ತೆಗೆಯಲಿಲ್ಲ.